ಕಸದ ಗಾಡಿಯ ಹಾಡು

ನವೆಂಬರ್ ೧೨, ಶಹಾಪುರ

ಕಸದ ಗಾಡಿ ಇವತ್ತೂ ಬಂತು. ಅದರ ನೆತ್ತಿಯ ಮೇಲೆ ಸ್ಪೀಕರ್, ಸ್ಪೀಕರಿನಲ್ಲಿ ನನ್ನ ಹಾಡು.

'ತೆಗಿ ತೆಗಿ ಬಾಗಿಲ ಭಾಗೀರತಿ, ಬಿಸಿಲ ಬಂತ ಹೊಸ್ತಿಲಿಗೆ.'

ಓಣಿಯ ಹೆಂಗಸರು ಬಾಗಿಲು ತೆಗೆದು ಬುಟ್ಟಿ ಹಿಡಿದು ಬಂದರು. ಹಾಡಿನಲ್ಲಿ ಬಾಗಿಲು ತೆಗೆಯುವ ಮಾತಿದೆ ಎಂದು ಯಾವ ಪುಣ್ಯಾತ್ಮ ಇದನ್ನು ಆರಿಸಿದನೋ, ಅವನಿಗೊಂದು ಶಾಲು ಹೊದಿಸಬೇಕು. ನನ್ನ ಟ್ರಂಕಿನಲ್ಲಿ ಬೇಕಾದಷ್ಟಿವೆ. ನಲವತ್ತು ಕಂಪನಿ ನಾಟಕಗಳಿಗೆ ಮಟ್ಟು ಹಾಕಿದವನು ನಾನು, ಹಾರ್ಮೋನಿಯಂ ಬಾರಿಸುವ ಪೇಟಿ ಮಾಸ್ತರ ದೇವಿಂದ್ರಪ್ಪ. ಗುರುಮಠಕಲ್ಲಿನಿಂದ ಸುರಪುರದ ತನಕ ನನ್ನ ಹಾಡಿಲ್ಲದೆ ಊರ ಹುಡುಗರ ನಾಟಕ ಮೇಲೇಳುತ್ತಿರಲಿಲ್ಲ. ಮದುವೆ ಮೆರವಣಿಗೆಯ ಬ್ಯಾಂಡಿನವರೂ ನನ್ನ ಹಾಡೇ ಬಾರಿಸುತ್ತಿದ್ದರು. ಈಗ ಓಣಿಯ ಮಕ್ಕಳ ಬಾಯಲ್ಲಿ ನಾನು 'ಕಸದ ಗಾಡಿ ಅಜ್ಜ'. ಹಾಡಿಗೂ ಹೆಸರು ಬದಲಾಗಿದೆ, ಅದು 'ಕಸದ ಹಾಡು'.

ಹೋಗಲಿ ಎಂದರೆ ಆ ಸ್ಪೀಕರೂ ಕೆಟ್ಟಿದೆ. ಮೊದಲ ಸಾಲು ಮುಗಿದು ಮತ್ತೆ 'ತೆಗಿ' ಎಂದು ಮೇಲಿನ ಷಡ್ಜಕ್ಕೆ ಜಿಗಿಯುವ ಕಡೆ ಸುರ ಸರಿಯಾದ ಜಾಗದಲ್ಲಿ ನಿಲ್ಲದೆ ಇನ್ನೂ ಮೇಲೆ ಹೋಗಿ ಕೂರುತ್ತದೆ. ಹಾಡಿದವಳು ಶರೀಫಾಬೀ, ಹಳೆಯ ಕ್ಯಾಸೆಟ್ಟಿನಿಂದ ಎತ್ತಿಕೊಂಡ ದನಿ. ಅಂಥ ಗಂಟಲನ್ನು ಹೀಗೆ ಹಾಳುಮಾಡಿ ಇಡೀ ಊರಿಗೆ ಕೇಳಿಸುತ್ತಾರಲ್ಲ! ಗಾಡಿ ಓಡಿಸುವ ಬಬ್ಲುವಿಗೆ ಹೇಳಿದೆ.

"ಸ್ಪೀಕರ್ ಹೊಸಾದು ಅದರಿ ಅಜ್ಜಾ, ಹೋದ ವಾರನೇ ಹಾಕ್ಯಾರ" ಎಂದ.

ಹೊಸದನ್ನೇ ಇಷ್ಟು ಕೆಟ್ಟದಾಗಿ ಮಾಡುವ ಕಾಲ ಇದು.

ಮಧ್ಯಾಹ್ನ ಸುರಪುರದಿಂದ ಬಾಲರಾಜ ಬಂದಿದ್ದ. ಅಲ್ಲಿ ಒಂದು ನಾಟಕ ಸಂಘ ನಡೆಸುತ್ತಾನೆ, ಕೀಬೋರ್ಡ್ ಬಾರಿಸುತ್ತಾನೆ, ಮಾತು ಸ್ವಲ್ಪ ಜಾಸ್ತಿ. ಜನವರಿಯಲ್ಲಿ ಸುರಪುರದಲ್ಲಿ 'ಬಾಗಿಲು ತೆಗಿ ಭಾಗೀರತಿ' ನಾಟಕವನ್ನು ಮತ್ತೆ ಆಡಿಸುತ್ತಾನಂತೆ. ಅದರಲ್ಲಿ ತಂಗಿಯ ಪಾತ್ರ ಹಾಡುವ ಆ ಒಂದು ಹಾಡಿಗೆ ಮಾತ್ರ ಶರೀಫಾಬೀಯೇ ಬಂದು ನಿಲ್ಲಬೇಕು, ಪೇಟಿಗೆ ನಾನು ಕೂರಬೇಕು.

"ಮಂದಿ ಕಸದ ಹಾಡು ಅನ್ನಾಕತ್ಯಾರ್ರಿ ಮಾಸ್ತರ. ನಮಗs ಹೊಟ್ಟಿ ಉರೀತದ. ಖರೆ ಹಾಡು ಹೆಂಗಿತ್ತು ಅಂತ ಒಮ್ಮೆ ಕೇಳಸೋಣ್ರಿ."

ವಿಚಾರ ಮಾಡಿ ಹೇಳುತ್ತೇನೆ ಎಂದೆ. ಅವನು ಹೊರಗೆ ಚಪ್ಪಲಿ ಮೆಟ್ಟುವುದರೊಳಗೆ ಪೇಟಿಯ ಮೇಲಿನ ಬಟ್ಟೆ ತೆಗೆದಿದ್ದೆ. ಸಾಯುವ ಮೊದಲು ಈ ಹಾಡನ್ನು ಆ ಗಾಡಿಯಿಂದ ಒಮ್ಮೆ ಕೆಳಗಿಳಿಸಬೇಕು. ನನಗೆ ಬೇರೆ ಆಸೆ ಏನೂ ಉಳಿದಿಲ್ಲ.

ನವೆಂಬರ್ ೧೩

ಪೇಟಿ ಮೂಲೆಗೆ ಬಿದ್ದು ಆರು ವರ್ಷವಾಗಿತ್ತು. ಬಾರಿಸಿ ನೋಡಿದೆ. ಕೆಳಗಿನ ಸುರಗಳು ಚೆನ್ನಾಗಿವೆ, ಮೇಲಿನವೆಲ್ಲ ಏರಿವೆ. ಧೂಳು ಕೂತಿರಬೇಕು.

ಸಂಜೆ ಶರೀಫಾಬೀಗೆ ಫೋನು ಮಾಡಿದೆ. ರಂಗಂಪೇಟೆಯಲ್ಲಿ ಮಗಳು ಅಂಬರೀನಳ ಮನೆಯಲ್ಲಿದ್ದಾಳೆ. ಹಾಡ್ತೀಯಾ ಎಂದು ಕೇಳಿದ್ದಕ್ಕೆ ಜೋರಾಗಿ ನಕ್ಕಳು.

"ಹಲ್ಲು ಹೋಗ್ಯಾವ್ರಿ ಮಾಸ್ತರ, ಸೆಟ್ ಹಾಕಿಸೀನಿ. ಸುರ ಮಾತ್ರ ಎಲ್ಲೂ ಹೋಗಿಲ್ರಿ."

ಆಮೇಲೆ ಇನ್ನೂ ಏನೇನೋ ಹೇಳಿದಳು, ಒಂದೂ ತಿಳಿಯಲಿಲ್ಲ. ಈಚೆಗೆ ಎಲ್ಲರ ಫೋನೂ ಬಾಯಲ್ಲಿ ಹತ್ತಿ ತುರುಕಿಕೊಂಡಂತೆ ಮಾತಾಡುತ್ತದೆ. ಹೂಂ ಹೂಂ ಎಂದು ಇಟ್ಟೆ.

ನವೆಂಬರ್ ೨೦

ಬಸ್ಸಿನಲ್ಲಿ ಪೇಟಿಯನ್ನು ತೊಡೆಯ ಮೇಲಿಟ್ಟುಕೊಂಡು ಯಾದಗಿರಿಗೆ ಹೋಗಿ ಬಂದೆ. ಫಕ್ರುದ್ದೀನನ ಅಂಗಡಿ ಇನ್ನೂ ಇದೆ. ಅವರಪ್ಪನ ಕಾಲದಿಂದ ಕಂಪನಿಯವರ ಪೇಟಿಗಳೆಲ್ಲ ಅಲ್ಲಿಗೇ ಹೋಗುವುದು. ಪೇಟಿ ಬಿಚ್ಚಿದ, ಒಂದೊಂದೇ ಮನೆ ಒತ್ತಿ ಕೇಳಿದ, ತಲೆಯಾಡಿಸಿದ.

"ಬರಾಬ್ಬರ ಅದರಿ ಮಾಸ್ತರ."

"ಮ್ಯಾಲಿನ ಸಾಲು ಏರೇದ, ಕೇಳಂಗಿಲ್ಲೇನು ನಿನಗ?"

ಮತ್ತೆ ಒತ್ತಿದ. ನನ್ನ ಮುಖ ನೋಡಿದ. ಚಹಾ ತರಿಸಿದ. ಎರಡು ದಿನ ಬಿಟ್ಟು ಹೋಗಿ ಎಂದ. ಕಂಪನಿಗಳು ಮುಚ್ಚಿದ ಮೇಲೆ ಇವರ ಕಿವಿಗೂ ಕೆಲಸವಿಲ್ಲ, ತುಕ್ಕು ಹಿಡಿದಿದೆ.

ನವೆಂಬರ್ ೨೩

ಪೇಟಿ ಬಂತು. ಹೊಳೆಯುವ ಹಾಗೆ ಒರೆಸಿದ್ದಾನೆ, ತಿದಿಗೆ ಹೊಸ ಬಟ್ಟೆ ಅಂಟಿಸಿದ್ದಾನೆ. ಸುರ ಮಾತ್ರ ಹೋದ ಹಾಗೇ ಬಂದಿದೆ. ರೀಡಿಗೆ ಕೈಯನ್ನೇ ಹಚ್ಚಿಲ್ಲ. ನನ್ನ ಕಣ್ಣಿಗೆ ಮಣ್ಣೆರಚಿದೆ ಎಂದುಕೊಂಡಿದ್ದಾನೆ.

ನವೆಂಬರ್ ೩೦, ಸುರಪುರ

ಬಾಲರಾಜನ ಮನೆಯ ಮಹಡಿಯಲ್ಲಿ ಮೊದಲ ತಾಲೀಮು. ಅಕ್ಕ ಭಾಗೀರತಿಯ ಪಾತ್ರಕ್ಕೆ ಬೋನಾಳದ ದುರ್ಗಾ, ಶಾಲೆಯಲ್ಲಿ ಪಾಠ ಹೇಳುವ ಹುಡುಗಿ. ನಾಟಕದಲ್ಲಿ ಇರುವುದು ಅಕ್ಕ ತಂಗಿಯರ ಜಗಳ. ಅಕ್ಕ ಸಿಟ್ಟಿನಿಂದ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾಳೆ, ತಂಗಿ ಹೊರಗೆ ನಿಂತು ರಾತ್ರಿಯೆಲ್ಲ ಕರೆದು ಬೆಳಗಿನ ಜಾವ ಆ ಹಾಡು ಹಾಡುತ್ತಾಳೆ. ಅಕ್ಕ ಬಾಗಿಲು ತೆಗೆದರೆ ಅಂಕದ ಪರದೆ ಬೀಳುತ್ತದೆ. ಅಷ್ಟೇ ಕಥೆ. ಅಷ್ಟಕ್ಕೇ ಜನ ಅತ್ತು ಹೋಗುತ್ತಿದ್ದರು.

ಶರೀಫಾಬೀ ಮೆಟ್ಟಿಲು ಹತ್ತಿ ಬಂದು ಗೋಡೆ ಹಿಡಿದು ನಿಂತಳು. ತಲೆಗೂದಲಿಗೆ ಮೆಹಂದಿ ಹಚ್ಚಿದ್ದಾಳೆ, ಮೈ ಇಳಿದಿದೆ. ನಾನು ಮೊದಲಿನ ಪದ್ಧತಿಯಲ್ಲೇ ಶುರುಮಾಡಿದೆ. ಯಾವ ಹಾಡುಗಾರಳಿಗೂ ನಾನು ಬಂದ ಕೂಡಲೇ ಹಾಡು ಎಂದವನಲ್ಲ. ಅಡಿಗೆ ಏನು ಮಾಡಿದ್ದೆ ಎಂದು ಕೇಳುತ್ತೇನೆ. ಹೇಳುತ್ತಾ ಹೇಳುತ್ತಾ ಮಾತು ಎಲ್ಲಿ ಇಳಿದು ಕೂರುತ್ತದೋ ಅದು ಅವರ ಷಡ್ಜ. ಅಲ್ಲಿಂದ ಮಟ್ಟು ಕಟ್ಟಬೇಕು. ಹಾಗೆ ಕಟ್ಟಿದ್ದಕ್ಕೇ ನನ್ನ ಹಾಡುಗಳು ಮಂದಿಯ ಬಾಯಲ್ಲಿ ಉಳಿದಿದ್ದು.

"ಏನ್ ಅಡಗಿ ಮಾಡಿದ್ದಿ ಬೀ?"

"ಜ್ವಾಳದ ರೊಟ್ಟಿ, ಪುಂಡಿಪಲ್ಯಾ. ಮಗಳು ಮಾಡ್ಯಾಳ್ರಿ, ನಾ ಬರೇ ತಿಂದೀನಿ."

ಮಾತು ನೇರವಾಗಿ ಕಪ್ಪು ನಾಲ್ಕರ ಮೇಲೆ, ಪೇಟಿಯ ನಾಲ್ಕನೆಯ ಕಪ್ಪು ಮನೆಯ ಮೇಲೆ, ಬಂದು ಕೂತಿತು. ಕಂಪನಿಯ ಯಾದಗಿರಿ ಕ್ಯಾಂಪಿನಲ್ಲಿ ಅವಳು ಲಂಗ ಉಟ್ಟು ಬಂದು ಹೆದರಿಕೊಂಡು ಅಡಿಗೆಯ ಮಾತು ಹೇಳಿದ ದಿನ ಕೂತದ್ದೂ ಅಲ್ಲೇ. ನನ್ನ ಕಣ್ಣು ತುಂಬಿ ಬಂದವು. ಪೇಟಿಯ ಧೂಳು ಎಂದೆ.

ಹಾಡು ಶುರುವಾಯಿತು. ಮೊದಲ ಸಾಲು ಬೆಣ್ಣೆ. 'ತೆಗಿ'ಗೆ ಬಂದಳು, ಏರಿದಳು, ಏರಿ ದಾಟಿ ಹೋದಳು.

ಆ ಜಿಗಿತ ನನ್ನ ಪ್ರಾಣ. ಅದನ್ನು ನಾನು ಯಾವ ರಾಗದಿಂದಲೂ ತೆಗೆದದ್ದಲ್ಲ. ಸಗರದ ಅಡವಿಯಲ್ಲಿ ನಮ್ಮಪ್ಪ ಹೊತ್ತು ಮುಳುಗುವಾಗ ಕುರಿಗಳನ್ನು ಕರೆಯುತ್ತಿದ್ದ ಕೂಗು ಅದು. ಕೆಳಗಿನಿಂದ ಒಮ್ಮೆಲೇ ಮೇಲೆ ಹೋಗಿ ಗುಡ್ಡಕ್ಕೆ ತಾಗಿ ನಿಲ್ಲುತ್ತಿತ್ತು, ಕುರಿಗಳು ತಲೆಯೆತ್ತುತ್ತಿದ್ದವು. ಅದು ಒಂದು ಕೂದಲು ಏರಿದರೂ ಬರೀ ಕಿರುಚಾಟವಾಗುತ್ತದೆ.

ಮೂರು ಸಲ ನಿಲ್ಲಿಸಿದೆ. ಮೂರನೆಯ ಸಲ ಅವಳು ಪೇಟಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು.

"ಪೇಟಿ ಕೂಡಾನೇ ಹೋಗೀನಲ್ರಿ ಮಾಸ್ತರ."

"ಪೇಟಿನೂ ಏರೇದ, ನೀನೂ ಏರೀದಿ."

ಯಾರೋ ಕೆಮ್ಮಿದರು. ಶರೀಫಾಬೀ ನೀರು ಕುಡಿದಳು. ಹೊಸ ಹಲ್ಲಿನ ಸೆಟ್ಟು ಬಾಯಿಯನ್ನು ಎಳೆಯುತ್ತಿರಬೇಕು. ಅವಳಿಗೆ ಹೇಳಲಿಲ್ಲ, ಬೇಜಾರು ಮಾಡಿಕೊಳ್ಳುತ್ತಾಳೆ.

ಡಿಸೆಂಬರ್ ೧

ನಿನ್ನೆ ಸುರಪುರದಲ್ಲೇ ಉಳಿದೆ. ಬೆಳಿಗ್ಗೆ ಬಾಲರಾಜ ಬೈಕಿನ ಮೇಲೆ ಬೋನಾಳದ ಕೆರೆಗೆ ಕರೆದುಕೊಂಡು ಹೋದ. ನನ್ನ ಮನಸ್ಸು ಸರಿಮಾಡಲಿಕ್ಕಂತೆ. ನೀರಿನ ತುಂಬ ಹಕ್ಕಿ, ಜಾಲಿ ಗಿಡಗಳ ತುಂಬ ಹಕ್ಕಿ. ದುರ್ಗಾ ಚಹಾ ತಂದುಕೊಟ್ಟು, "ಹಕ್ಕಿ ಗದ್ದಲಕ್ಕ ಮಾತೇ ಕೇಳಂಗಿಲ್ಲ ನೋಡ್ರಿ ಇಲ್ಲಿ" ಎಂದು ಕೂಗಿ ಹೇಳಿದಳು.

ಎಲ್ಲಿಯ ಗದ್ದಲ? ಕೊಕ್ಕು ತೆರೆಯುತ್ತವೆ, ಮುಚ್ಚುತ್ತವೆ. ಅಲ್ಲೊಂದು ಇಲ್ಲೊಂದು ಕರ್ ಎನ್ನುತ್ತದೆ. ನಾನು ಮೊದಲು ಬಂದಾಗ ಈ ಕೆರೆ ಸಂತೆಯ ಹಾಗಿತ್ತು. ಹಕ್ಕಿಗಳಿಗೂ ಈಗ ಹಾಡಲು ಬೇಸರ.

ಡಿಸೆಂಬರ್ ೪

ಕವಿತಾಳ ಜೊತೆ ಜಗಳ. ಟೀವಿಯ ಸದ್ದು ಕಡಿಮೆ ಮಾಡಿ ಎಂದಳು. ಸೊಸೆಯಾದವಳು ಹೀಗೆ ಕೂಗಿ ಮಾತಾಡಬಾರದು ಎಂದೆ. "ಕೂಗಲಿಲ್ಲಂದ್ರ ನಿಮಗ ತಿಳಿಯಂಗಿಲ್ಲಲ್ರಿ ಮಾವಾರ" ಎಂದು ಅಡಿಗೆಮನೆಗೆ ಹೋದಳು. ಮಗ ಮಲ್ಲಿನಾಥ ಬಸ್ ಡಿಪೋದಿಂದ ಬಂದು ಊಟ ಮಾಡಿ ಮಲಗಿದ.

ಡಿಸೆಂಬರ್ ೯

ಶರೀಫಾಬೀಗೆ ತೋರಿಸಿಕೊಡೋಣ ಎಂದು ಹಳೆಯ ಕ್ಯಾಸೆಟ್ಟು ಹುಡುಕಿದೆ. ಟೇಪ್ ರಿಕಾರ್ಡರಿಗೆ ಹೊಸ ಬೆಲ್ಟು ಹಾಕಿಸಿ ತಂದೆ. ಅವಳ ಇಪ್ಪತ್ತರ ವಯಸ್ಸಿನ ಗಂಟಲು ಅದು, ನನ್ನ ಮೂವತ್ತೆರಡರ ಬೆರಳು. ಅದನ್ನು ಕೇಳಿ ಈಗಿನದನ್ನು ಅಳೆಯಲಿ ಎಂದು.

ಅಲ್ಲೂ 'ತೆಗಿ' ಏರಿದೆ! ನನ್ನ ಪೇಟಿಯೂ ಏರಿದೆ! ಅಂಗಡಿಯವನು ಬೆಲ್ಟು ಬಿಗಿಯಾಗಿ ಹಾಕಿದ್ದಾನೆ, ಟೇಪು ಜೋರಾಗಿ ಓಡುತ್ತಿದೆ. ಹಾಗಿದ್ದರೆ ಕೆಳಗಿನ ಸುರಗಳೂ ಏರಬೇಕಿತ್ತಲ್ಲ, ಅವು ಯಾಕೆ ಇದ್ದಲ್ಲೇ ಇವೆ? ಈ ಯಂತ್ರಗಳ ಬುದ್ಧಿ ನನಗೆ ತಿಳಿಯುವುದಿಲ್ಲ. ಬಂದ್ ಮಾಡಿ ಅಟ್ಟದ ಮೇಲೆ ಇಟ್ಟೆ.

ಡಿಸೆಂಬರ್ ೧೫, ಸುರಪುರ

ಇವತ್ತು ಮುಚ್ಚುಮರೆ ಮಾಡಲಿಲ್ಲ. ಎಲ್ಲರ ಎದುರಿಗೇ ಹೇಳಿದೆ, "ಬೀ, ನಿನ್ನ ಗಂಟಲು ಕೈ ಕೊಟ್ಟದ. ಹಲ್ಲಿನ ಸೆಟ್ ತಗದು ಹಾಡು, ಇಲ್ಲಂದ್ರ ಬಿಟ್ಟು ಬಿಡು."

ಬಾಲರಾಜ, "ಮಾಸ್ತರ..." ಎಂದು ಏನೋ ಹೇಳಲು ಹೊರಟ. ಶರೀಫಾಬೀ ಕೈಯೆತ್ತಿ ಅವನನ್ನು ಸುಮ್ಮನಾಗಿಸಿದಳು. ಸೆರಗು ಸರಿಮಾಡಿಕೊಂಡು, "ಇನ್ನೊಮ್ಮೆ ನೋಡ್ತೀನ್ರಿ" ಎಂದಳು.

ಈ ಸಲ ಪೇಟಿಯ ಕಡೆ ನೋಡಲಿಲ್ಲ, ನನ್ನ ಮುಖ ನೋಡಿಕೊಂಡು ಹಾಡಿದಳು. 'ತೆಗಿ'ಗೆ ಏರಿದಳು, ನನ್ನ ಹುಬ್ಬು ನೋಡುತ್ತಾ ಸ್ವಲ್ಪ ಸ್ವಲ್ಪವೇ ಇಳಿಸಿದಳು, ಇಳಿಸಿದಳು, ನಿಲ್ಲಿಸಿದಳು.

"ಬಂತು!" ಎಂದು ತೊಡೆ ತಟ್ಟಿದೆ. ಅಪ್ಪನ ಕೂಗು. ಗುಡ್ಡಕ್ಕೆ ತಾಗಿದ ಹಾಗೆಯೇ.

ದುರ್ಗಾ ನೆಲ ನೋಡುತ್ತಿದ್ದಳು. ಬಾಲರಾಜ ಕೀಬೋರ್ಡಿನ ವೈರು ನೋಡುವ ನೆಪದಲ್ಲಿ ಎದ್ದು ಹೋದ. ಇಷ್ಟು ದಿನ ಮುದುಕ ಹುಚ್ಚನ ಹಾಗೆ ಬೈಯುತ್ತಾನೆ ಎಂದುಕೊಂಡಿದ್ದರು, ಈಗ ನಾಚಿಕೆಯಾಗಿದೆ.

"ಖುಷಿ ಆತೇನ್ರಿ ಮಾಸ್ತರ?" ಎಂದು ಶರೀಫಾಬೀ ಕೇಳಿದಳು.

"ಆತು."

"ಹಂಗಾದ್ರ ಸಾಕು" ಎಂದಳು. ಅವಳ ಮುಖದಲ್ಲಿ ಮಾತ್ರ ಖುಷಿ ಇರಲಿಲ್ಲ. ಮೊದಲಿನಿಂದಲೂ ಅವಳಿಗೆ ತಪ್ಪು ತಿದ್ದಿದರೆ ಎರಡು ದಿನ ಮುಖ ಇಷ್ಟುದ್ದ.

ಈಗ ಉಳಿದಿದ್ದು ಪೇಟಿಯೊಂದೇ. ಅವಳು ಸರಿಯಾದ ಜಾಗಕ್ಕೆ ಬಂದ ಮೇಲೆ ಪೇಟಿ ಒಂದು ದಾರಿ, ಅವಳು ಒಂದು ದಾರಿ. ಅದನ್ನು ನಾನೇ ನೋಡಿಕೊಳ್ಳುತ್ತೇನೆ.

ಡಿಸೆಂಬರ್ ೧೮

ರೀಡುಗಳನ್ನು ನಾನೇ ಉಜ್ಜಿದೆ.

ಹಿತ್ತಾಳೆಯ ಆ ಸಣ್ಣ ನಾಲಿಗೆಯ ತುದಿಯನ್ನು ಅರದಿಂದ ಉಜ್ಜಿದರೆ ಸುರ ಏರುತ್ತದೆ, ಬುಡದಲ್ಲಿ ಉಜ್ಜಿದರೆ ಇಳಿಯುತ್ತದೆ. ಅರವನ್ನು ಎರಡು ಸಲ ಹೆಚ್ಚು ಎಳೆದರೆ ಹೋಯಿತು, ಹಿತ್ತಾಳೆ ತಿರುಗಿ ಬೆಳೆಯುವುದಿಲ್ಲ. ಹಗಲೆಲ್ಲ ಅಂಗಳದ ಬಿಸಿಲಿನಲ್ಲಿ ಕೂತು ಮೇಲಿನ ಸಾಲನ್ನು ಒಂದೊಂದಾಗಿ ಇಳಿಸಿದೆ. ಉಜ್ಜುವುದು, ಊದುವುದು, ಕೇಳುವುದು. ಈ ಪೇಟಿಯಿಂದಲೇ ನಲವತ್ತು ನಾಟಕ ಹುಟ್ಟಿದ್ದು. ಮೊದಲ ರೀಡಿಗೆ ಅರ ಹಚ್ಚುವ ಮೊದಲು ಎರಡು ಸಲ ಎದ್ದು ಹೋಗಿ ಒಲೆಯ ಹತ್ತಿರ ಅಂಗೈ ಕಾಯಿಸಿಕೊಂಡು ಬಂದೆ. ಅಷ್ಟು ಚಳಿ ಇತ್ತು.

ಕವಿತಾ ಬಂದು ನಿಂತು ನೋಡಿದಳು. "ಫಕ್ರುದ್ದೀನ ಮಾಮಾಗ ಒಂದ್ ಮಾತ್ ಕೇಳಬೇಕಿತ್ರಿ ಮಾವಾರ" ಎಂದಳು. ಯಾರು ಯಾರನ್ನು ಕೇಳಬೇಕು? ಅವನಿಗೆ ಕಪ್ಪು ನಾಲ್ಕು ಯಾವುದು ಎಂದು ತೋರಿಸಿದವನು ನಾನು.

ಸಂಜೆಗೆ ಮುಗಿಯಿತು. ಈಗ ಪೇಟಿ ನನ್ನ ಮಾತು ಕೇಳುತ್ತದೆ.

ಡಿಸೆಂಬರ್ ೨೯, ಸುರಪುರ

ಕೊನೆಯ ತಾಲೀಮು. ಶರೀಫಾಬೀ ನನ್ನ ಮುಖ ನೋಡಿಕೊಂಡು ಹಾಡಿದಳು, ಪೇಟಿ ಅವಳ ಜೊತೆ ಹೋಯಿತು. ಹಾಲಿನ ಹಾಗೆ ಕೂಡಿತು. ಆದರೂ ಬಾಲರಾಜನ ಬಾಯಿ ಸುಮ್ಮನಿರಲಿಲ್ಲ.

"ಮಾಸ್ತರ, ನಾಟಕದ ದಿನ ನನ್ನ ಕೀಬೋರ್ಡ್ ಸಾಕಲ್ರಿ? ನೀವು ಆರಾಮ ಕುರ್ಚಿ ಮ್ಯಾಲ ಕುಂದ್ರಿ. ಶಾಲು ಹೊದಸ್ತೀವಿ, ಎರಡು ಮಾತ ಆಡ್ರಿ."

ನನ್ನನ್ನು ಕುರ್ಚಿಯ ಮೇಲೆ ಕೂರಿಸಿ ನನ್ನ ಹಾಡಿಗೆ ಇವನು ಕರೆಂಟಿನ ಪೇಟಿ ಬಾರಿಸುತ್ತಾನಂತೆ! ಬಾಯಿಗೆ ಬಂದಂತೆ ಬೈದೆ. ಆಗ ಶರೀಫಾಬೀ ನಡುವೆ ಬಂದಳು.

"ಬಾಲರಾಜ, ಮಾಸ್ತರ ಪೇಟಿಗಿ ಕುಂದರಲಿಲ್ಲಂದ್ರ ನಾ ಹಾಡಂಗಿಲ್ಲಪಾ. ಹೇಳೀನಿ."

ಅಷ್ಟಾದರೂ ನಿಯತ್ತು ಉಳಿದಿದೆ.

ಜನವರಿ ೧೨

ಇವತ್ತು ಸಂಜೆ ನಾಟಕ. ಬಿಳಿ ಧೋತರ, ಕರಿ ಕೋಟು. ಬೆಳಿಗ್ಗೆ ಗಾಡಿ ಬಂದಾಗ ಬಬ್ಲುವಿಗೆ ಹೇಳಿದೆ, ಸುರಪುರಕ್ಕೆ ಬಂದು ಕೇಳು, ಖರೆ ಹಾಡು ಯಾವುದು ಅಂತ ತಿಳಿಯುತ್ತದೆ ಎಂದು. ಬರ್ತೀನ್ರಿ ಅಜ್ಜಾ ಎಂದ.

ಜನವರಿ ೧೩

ಬರೆಯಬಾರದು ಎಂದುಕೊಂಡೆ. ಬರೆಯದಿದ್ದರೆ ಎದೆ ಒಡೆಯುತ್ತದೆ.

ಪೆಂಡಾಲು ತುಂಬಿ ಜನ ಹೊರಗೆ ನಿಂತಿದ್ದರು. ಇಷ್ಟು ಮಂದಿಯನ್ನು ನಾನು ಕಂಪನಿಯ ಕಾಲದಲ್ಲೂ ಕಂಡಿರಲಿಲ್ಲ. ಗೌರವಕ್ಕೆಂದು ನನ್ನನ್ನು ರಂಗದ ಮೇಲೆಯೇ ಒಂದು ಬದಿಗೆ ಮಂಚದ ಮೇಲೆ ಕೂರಿಸಿದ್ದರು. ನಡುವೆ ಬಣ್ಣ ಬಳಿದ ಬಾಗಿಲು, ಅದರ ಹಿಂದೆ ದುರ್ಗಾ. ಶರೀಫಾಬೀ ಹಸಿರು ಸೀರೆಯುಟ್ಟು ಬಂದು ಬಾಗಿಲ ಮುಂದೆ ನಿಂತಾಗ ಜನ ಎದ್ದು ಶಿಳ್ಳೆ ಹಾಕಿದರು. ಅವಳು ನನ್ನ ಕಡೆ ತಿರುಗಿ ಕೈ ಮುಗಿದಳು.

ಮೊದಲ ಸಾಲು ಚೆನ್ನಾಗಿ ಹೋಯಿತು. ನಾನು ತಿದಿ ಎಳೆದು ಮೇಲಿನ ಸಾಲಿಗೆ ಬೆರಳಿಟ್ಟು ಅವಳ ಮುಖ ನೋಡಿದೆ. ಅವಳು ನನ್ನ ಕಡೆ ನೋಡಲಿಲ್ಲ, ಜನರನ್ನು ನೋಡಿದಳು, ಕಣ್ಣು ಮುಚ್ಚಿದಳು, 'ತೆಗಿ' ಎಂದಳು.

ಏರಿದಳು! ಮೊದಲ ದಿನದ ಹಾಗೆ, ಗಾಡಿಯ ಸ್ಪೀಕರಿನ ಹಾಗೆ! ನನ್ನ ಪೇಟಿ ಸರಿಯಾದ ಜಾಗದಲ್ಲಿತ್ತು, ಅವಳು ಅದನ್ನು ಬಿಟ್ಟು ಮೇಲೆ ಹೋಗಿ ನಿಂತಳು. ಎರಡೂ ಕೂಡಿ ತಗಡು ಕೆರೆದಂತಾಯಿತು. ಮುಂದಿನ ಸಾಲಿನವರು ಮುಖ ಮುಖ ನೋಡಿಕೊಂಡರು. ಹಿಂದೆ ಹುಡುಗರು ನಕ್ಕರು. ನಾನು ಜೋರಾಗಿ ಒತ್ತಿದೆ, ಅವಳಿಗೆ ದಾರಿ ತೋರಿಸಲಿಕ್ಕೆ. ಇನ್ನೂ ನಕ್ಕರು. "ಪೇಟಿ ಬಂದ್ ಮಾಡ್ರೋ" ಎಂದು ಯಾರೋ ಕೂಗಿದ್ದು ಮಾತ್ರ ನನಗೆ ಸ್ವಚ್ಛವಾಗಿ ಕೇಳಿಸಿತು.

ಆಗ ಅವಳು ಮಾಡಿದ್ದು. ಹಾಡು ನಿಲ್ಲಿಸಿದಳು. ನನ್ನ ಹತ್ತಿರ ನಡೆದು ಬಂದಳು, ಬಗ್ಗಿದಳು, ನನ್ನ ಕೈ ಮೇಲೆ ಕೈಯಿಟ್ಟು ತಿದಿಯನ್ನು ಮೆತ್ತಗೆ ಮುಚ್ಚಿದಳು. ಕಣ್ಣಲ್ಲಿ ನೀರಿತ್ತು. ನಾಟಕದವಳಲ್ಲವೆ, ನೀರು ಬೇಕೆಂದಾಗ ಬರುತ್ತದೆ. ಬಾಗಿಲ ಹತ್ತಿರ ತಿರುಗಿ ಹೋಗಿ ಪೇಟಿಯಿಲ್ಲದೆ, ಕೀಬೋರ್ಡಿಲ್ಲದೆ, ಬರೀ ಗಂಟಲಿನಲ್ಲಿ ಇಡೀ ಹಾಡು ಹಾಡಿದಳು. ಮುಗಿದ ಮೇಲೆ ವನ್ಸ್ ಮೋರ್ ಎಂದು ಮೂರು ಸಲ ಹಾಡಿಸಿದರು. ಮೂರು ಸಲವೂ ಏರಿಸಿಯೇ ಹಾಡಿದಳು. ನಾನು ಮುಚ್ಚಿದ ಪೇಟಿಯ ಮುಂದೆ ಕೂತಿದ್ದೆ.

ತಾಲೀಮಿನಲ್ಲಿ ಸರಿಯಾಗಿ ಹಾಡಿ, ಮಂದಿಯ ಮುಂದೆ ಬೇಕೆಂದೇ ತಪ್ಪಿದಳು. ಎಲ್ಲರೆದುರು ಗಂಟಲು ಕೈ ಕೊಟ್ಟಿದೆ ಎಂದಿದ್ದೆನಲ್ಲ, ಅದಕ್ಕೆ ಸೇಡು. ನಲವತ್ತೈದು ವರ್ಷ ಜೊತೆಗಿದ್ದವಳು ನನ್ನ ಇಜ್ಜತ್ತನ್ನು ನನ್ನ ಹಾಡಿನಿಂದಲೇ ತೆಗೆದಳು. ಶಾಲು ಹೊದಿಸುವ ಮೊದಲೇ ಎದ್ದು ಬಂದೆ. ತಿರುಗಿ ಬರುವ ಜೀಪಿನಲ್ಲಿ, ನಾಟಕ ನೋಡಲು ಬಂದಿದ್ದ ಕವಿತಾ ಮೂಗು ಒರೆಸಿಕೊಳ್ಳುತ್ತಾ, "ಹಾಡು ಭಾಳ ಛಂದ ಇತ್ರಿ ಮಾವಾರ, ನಿಮ್ಮ ಹಾಡು" ಎಂದಳು. ಈ ಮನೆಯಲ್ಲೂ ನನ್ನವರು ಯಾರಿಲ್ಲ.

ಜನವರಿ ೧೪

ಸಂಕ್ರಮಣ. ಕವಿತಾ ಎಳ್ಳುಬೆಲ್ಲ ಕೊಟ್ಟಳು. ಕಹಿ ಎಂದೆ.

ಜನವರಿ ೨೦

ಬಾಲರಾಜ ಮೊಬೈಲಿಗೆ ವೀಡಿಯೋ ಕಳಿಸಿದ್ದಾನೆ. ಸಾವಿರಗಟ್ಟಲೆ ಜನ ನೋಡಿದ್ದಾರಂತೆ. 'ಖರೆ ಹಾಡು ಇದು' ಎಂದು ಬರೆದಿದ್ದಾರಂತೆ. ಯಾರೂ ಅವಳು ಏರಿದಳು ಎಂದು ಬರೆದಿಲ್ಲ. ಇಷ್ಟು ಸಾವಿರ ಜನರಲ್ಲಿ ಒಬ್ಬನಿಗೂ ಕಿವಿಯಿಲ್ಲ.

ಯಾದಗಿರಿಯಲ್ಲಿ ಕಿವಿ ನೋಡುವ ಡಾಕ್ಟರ್ ಇದ್ದಾರೆ, ಹೋಗಿ ಬರೋಣ ಎಂದು ಮಲ್ಲಿನಾಥ ಅಂದ. ಯಾರ ಕಿವಿ ಎಂದು ಕೇಳಿದೆ. ಎದ್ದು ಹೋದ.

ಜನವರಿ ೨೪

ಪೇಟಿ ಮುಟ್ಟಿಲ್ಲ. ಓಣಿಯ ಮಕ್ಕಳು ಈಗ ಹಾಡು ಹೇಳಿಕೊಂಡು ಓಡುತ್ತವೆ, ಕಸದ ಗಾಡಿ ಅಜ್ಜ ಎನ್ನುವುದಿಲ್ಲ. ನನ್ನನ್ನು ಕಂಡರೆ ಸುಮ್ಮನಾಗುತ್ತವೆ. ಅದು ಇನ್ನೂ ಕೆಟ್ಟದ್ದು.

ಜನವರಿ ೨೯

ಅಮಾವಾಸ್ಯೆ. ಮಗ ಸೊಸೆ ನಸುಕಿನಲ್ಲೇ ಅಬ್ಬೆತುಮಕೂರಿನ ಮಠಕ್ಕೆ ಹೋದರು. ಮನೆಯಲ್ಲಿ ನಾನೊಬ್ಬನೇ.

ಬಿಸಿಲು ಬಂದ ಮೇಲೆ ಯಾರೋ ಬಾಗಿಲು ಬಡಿದರು. ಕಿಟಕಿಯಿಂದ ನೋಡಿದರೆ ಶರೀಫಾಬೀ, ಕೈಯಲ್ಲಿ ಒಂದು ಚೀಲ, ಬಸ್ಸಿನ ಧೂಳು ಮೈಮೇಲೆ. ನಾನು ಚಿಲಕ ಹಾಕಿದೆ. ಅದು ಅವಳಿಗೆ ಕೇಳಿಸಲಿ ಎಂದೇ ಜೋರಾಗಿ ಹಾಕಿದೆ.

"ಮಾಸ್ತರ, ತಗೀಬ್ಯಾಡ್ರಿ, ಕೇಳ್ರಿ ಅಷ್ಟು" ಎಂದು ಬಾಗಿಲಿಗೆ ಬಾಯಿ ಹಚ್ಚಿ ಕೂಗಿದಳು. ಓಣಿಗೆಲ್ಲ ಕೇಳಿಸುವ ಹಾಗೆ ಕೂಗಿದ್ದಕ್ಕೆ ನನಗೂ ಕೇಳಿಸಿತು. "ನಿಮ್ಮ ಕಿವಿ ಹೋಗ್ಯಾವ್ರಿ. ಮ್ಯಾಲಿನ ಸುರ ನಿಮಗ ಏರಿ ಕೇಳಾಕತ್ತದ. ಫಕ್ರುದ್ದೀನ ಅವತ್ತೇ ನನಗ ಫೋನ್ ಮಾಡಿ ಹೇಳ್ಯಾನ. ಪೇಟಿ ಬರಾಬ್ಬರ ಇತ್ತು, ನೀವು ಕೈಯಾರೆ ಕೆಡಸೀರಿ."

"ಸುಳ್ಳ ಹೇಳಬ್ಯಾಡ. ತಾಲೀಮಿನ್ಯಾಗ ಸರಿ ಹಾಡಿದಾಕಿ ನೀನೇ ಅಲ್ಲೇನು?"

"ತಾಲೀಮಿನ್ಯಾಗೇ ನಾ ಸುಳ್ಳ ಹಾಡಿದ್ದು. ನಿಮ್ಮ ಮಾರಿ ನೋಡಿ ಹಾಡಿದೆ. ನಿಮಗ ಖುಷಿ ಆಗಲಿ ಅಂತ ಹಾಡಿದೆ. ಮಂದಿ ಮುಂದನೂ ಹಂಗs ಹಾಡಬೇಕಂತ ಬಂದಿದ್ದೆ, ಅಲ್ಲಾನ ಆಣಿ. ಆಗಲಿಲ್ರಿ. ಬಾಯಿ ತಾನಾ ಖರೆ ಜಾಗಕ್ಕ ಹೋತು. ಅದು ನಿಮ್ಮ ಹಾಡ್ರಿ ಮಾಸ್ತರ. ನಾ ಹೆಂಗ ಕೆಡಸಲಿ?"

ಹೊರಗೆ ಮಾತು ನಿಂತಿತು. ಹೋದಳೇನೋ ಎಂದುಕೊಂಡೆ. ಬಾಗಿಲ ಕೆಳಗಿನ ಸಂದಿಯಲ್ಲಿ ಅವಳ ನೆರಳು ಕಾಣುತ್ತಿತ್ತು, ಹೋಗಿರಲಿಲ್ಲ.

ಆಗ ಗಾಡಿ ಬಂತು. 'ತೆಗಿ ತೆಗಿ ಬಾಗಿಲ ಭಾಗೀರತಿ.' ಹೊರಗಿನವಳು ಅದರ ಜೊತೆ ಹಾಡಲು ಶುರುಮಾಡಿದಳು, ಕೆಲಸ ಮಾಡುತ್ತಾ ಹಾಡಿಕೊಳ್ಳುವ ಹಾಗೆ. ನನ್ನ ಬಾಯಿಯೂ ಸುಮ್ಮನಿರಲಿಲ್ಲ. ಒಳಗೆ ನಿಂತು ನಾನೂ ಹೇಳಿದೆ. ಮೊದಲ ಸಾಲಿನಲ್ಲಿ ಮೂವರೂ ಕೂಡಿಯೇ ಇದ್ದೆವು: ಸ್ಪೀಕರಿನಲ್ಲಿ ಇಪ್ಪತ್ತರ ಹುಡುಗಿ ಶರೀಫಾ, ಬಾಗಿಲಾಚೆ ಮುದುಕಿ ಶರೀಫಾಬೀ, ಈಚೆ ನಾನು. ಆಮೇಲೆ 'ತೆಗಿ' ಬಂತು. ಆ ಹುಡುಗಿ ಮತ್ತು ಈ ಮುದುಕಿ ಇಷ್ಟು ವರ್ಷಗಳ ಅಂತರದಲ್ಲಿ ಒಂದೇ ಕಡೆ ಹೋಗಿ ನಿಂತರು, ನಡುವೆ ಒಂದು ಕೂದಲೂ ತೂರುವ ಹಾಗಿರಲಿಲ್ಲ. ನಾನೊಬ್ಬನೇ ಕೆಳಗೆ ಉಳಿದೆ.

ಬಬ್ಲು ನಮ್ಮ ಮನೆಯ ಮುಂದೆ ಗಾಡಿ ನಿಲ್ಲಿಸಿಕೊಂಡು ಕಾಯುತ್ತಿದ್ದ. ಕವಿತಾ ಇರಲಿಲ್ಲ, ಕಸದ ಬುಟ್ಟಿ ತುಂಬಿತ್ತು. ಅದನ್ನು ಹೊರಗಿಡಲು ಬಾಗಿಲು ತೆಗೆದೆ. ಬೇರೆ ಯಾವ ಕಾರಣಕ್ಕೂ ಅಲ್ಲ.